ಅಲ್ಲಾಡಿದವರು ಯಾರು

ಕತ್ತಲಲ್ಲೂ ಕಣ್ಣು ಕಾಣುವವನು ಎಂದು ಊರೆಲ್ಲ ಹೊಗಳುತ್ತಿದ್ದ ಒಬ್ಬ ಫೋಟೊಗಾರನಿದ್ದ. ಅವನಿಗೆ ಹಗಲಲ್ಲೇ ಸರಿಯಾಗಿ ಕಾಣುವುದಿಲ್ಲ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಅವನೇ, ಇನ್ನೊಬ್ಬಳು ಅವನ ಹೆಂಡತಿ. ಅವಳಿಗೂ ಅವನು ಬಾಯಿಬಿಟ್ಟು ಹೇಳಿದ್ದಲ್ಲ. ಒಂದು ಬೆಳಿಗ್ಗೆ ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತವನು ಕಲ್ಲನ್ನು ತಟ್ಟೆಯಲ್ಲೇ ಬಿಟ್ಟು ಅಕ್ಕಿಕಾಳನ್ನು ಹೆಕ್ಕಿ ಕಿಟಕಿಯಾಚೆ ಎಸೆಯುತ್ತಿದ್ದ. ಅವಳು ತಟ್ಟೆ ಕಸಿದುಕೊಂಡಳು.

"ಕನ್ನಡಕ ಮಾಡಿಸ್ಕೊಳ್ಳಿ ಅಂತ ಎರಡು ವರ್ಷದಿಂದ ಬಡ್ಕೋತಿದೀನಿ. ನಿಮ್ಮ ಜಂಬ ಉಳಿಸೋಕೆ ನಾವೆಲ್ಲ ಕಲ್ಲು ತಿನ್ನಬೇಕಾ?"

"ಫೋಟೊ ತೆಗೆಯೋನು ಮೂಗಿನ ಮೇಲೆ ಗಾಜು ಇಟ್ಕೊಂಡು ಹೋದ್ರೆ ಗಿರಾಕಿ ಏನಂತಾನೆ?" ಅಂದ ಅವನು.

"ಏನೂ ಅನ್ನಲ್ಲ. ಪಾಪ, ಇವನೂ ಮನುಷ್ಯ ಅಂದ್ಕೋತಾನೆ."

ಆದರೆ ಅವನು ಬರೀ ಮನುಷ್ಯನಾಗಿದ್ದರೆ ತಾನೇ. ಅವನು ಗೂಬಣ್ಣ. ಆ ಹೆಸರು ಬಂದ ಬಗೆಯನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

ಊರಿನ ನಡುವೆ ಹಳೆಯದೊಂದು ರಂಗಮಂದಿರ. ಮೂವತ್ತು ವರ್ಷದ ಹಿಂದೆ ಅಲ್ಲಿಗೆ ಬೇರೊಬ್ಬ ಫೋಟೊಗಾರ ಬರುತ್ತಿದ್ದ. ಒಂದು ಸಲ ನಾಟಕದಲ್ಲಿ ರಾಜ ಸತ್ತು ಬಿದ್ದಿದ್ದಾನೆ, ರಾಣಿ ಎದೆ ಎದೆ ಬಡಿದುಕೊಳ್ಳುತ್ತಿದ್ದಾಳೆ, ನೋಡುವವರು ಮೂಗು ಒರೆಸಿಕೊಳ್ಳುತ್ತಿದ್ದಾರೆ, ಸರಿಯಾಗಿ ಆ ಹೊತ್ತಿಗೆ ಆ ಪುಣ್ಯಾತ್ಮ ಮುಂದಿನ ಸಾಲಿನಿಂದ ಎದ್ದು ಫಳಾರನೆ ಫ್ಲ್ಯಾಷ್ ಹೊಡೆದ. ಸತ್ತ ರಾಜ "ಅಯ್ಯೋ ನನ್ನ ಕಣ್ಣು!" ಅಂತ ಎದ್ದು ಕೂತ. ರಾಣಿ ಅಳು ನಿಲ್ಲಿಸಿ ನಕ್ಕಳು. ಆ ನಾಟಕ ಅಲ್ಲಿಗೆ ಮುಗಿಯಿತು, ಆ ಫೋಟೊಗಾರನ ಕತೆಯೂ ಮುಗಿಯಿತು.

ಅವನ ಜಾಗಕ್ಕೆ ಬಂದವನೇ ನಮ್ಮವನು. ಆಗಿನ್ನೂ ಇಪ್ಪತ್ತೆಂಟರ ಹುಡುಗ. ಕೈಯಲ್ಲಿ ಫ್ಲ್ಯಾಷ್ ಇರಲಿಲ್ಲ. ಕ್ಯಾಮೆರಾದ ಮೂತಿಗೆ ಮುಷ್ಟಿಗಿಂತ ದಪ್ಪನೆಯ ಒಂದು ಲೆನ್ಸು ಇತ್ತು. ಅದರೊಳಗೆ ಬಗ್ಗಿ ನೋಡಿದರೆ ನೀರು ತುಂಬಿದ ಬಾವಿಯ ಹಾಗೆ ಕಾಣುತ್ತಿತ್ತು. ಮೇಣದ ಬತ್ತಿಯಷ್ಟು ಬೆಳಕಿದ್ದರೂ ಅದು ಹೀರಿಕೊಳ್ಳುತ್ತಿತ್ತು. ಸಣ್ಣ ಕೋಣೆಯ ಮೂಲೆಯಲ್ಲಿ ನಿಂತು ನೋಡಿದರೂ ನಾಲ್ಕು ಗೋಡೆ ಹಿಡಿಯುವಷ್ಟು ಅಗಲ ಅದರ ನೋಟ. ಹಾಗಂತ ಅದರ ಉಪದ್ರವಗಳೂ ಕಮ್ಮಿಯಿರಲಿಲ್ಲ. ಹಿಂದೆ ಮುಂದೆ ಎಳೆದು ದೂರದ್ದನ್ನು ಹತ್ತಿರ ಮಾಡುವ ಲೆನ್ಸಲ್ಲ ಅದು; ಹತ್ತಿರ ಬೇಕಿದ್ದರೆ ಕಾಲಲ್ಲಿ ನಡೆದು ಹೋಗಬೇಕು. ತಾನಾಗಿ ಫೋಕಸ್ ಮಾಡಿಕೊಳ್ಳುವ ಯಂತ್ರ ಒಳಗಿಲ್ಲ. ಲೆನ್ಸಿನ ಕೊರಳ ಸುತ್ತ ಇರುವ ಬಳೆಯನ್ನು ಎಡಗೈಯಲ್ಲಿ ತಿರುಗಿಸಬೇಕು. ಕತ್ತಲಿಗಾಗಿ ಅದರ ಬಾಯಿ ಪೂರ್ತಿ ತೆರೆದರಂತೂ ಚಿತ್ರದಲ್ಲಿ ಸ್ಪಷ್ಟವಾಗಿ ನಿಲ್ಲುವ ಜಾಗ ಒಂದು ಗೇಣಿಗಿಂತ ಕಮ್ಮಿ. ಆ ಗೇಣಿನ ಈಚೆ ಇದ್ದದ್ದೂ ಮಸುಕು, ಆಚೆ ಇದ್ದದ್ದೂ ಮಸುಕು.

ಅದನ್ನು ಕೊಟ್ಟವನು ಅವನ ಗುರು. ಕಸುಬು ಬಿಡುವ ದಿನ ಲೆನ್ಸನ್ನು ಕರವಸ್ತ್ರದಲ್ಲಿ ಸುತ್ತಿ ಕೈಗಿಟ್ಟ. ಅದಕ್ಕೂ ಮುಂಚೆ ಎರಡು ವಿದ್ಯೆ ಕಲಿಸಿದ್ದ. ಒಂದು, ದೂರವನ್ನು ಮೈಯಲ್ಲೇ ಅಳೆಯುವುದು. ಚಾಚಿದ ತೋಳು ಒಂದು, ಅದರ ಮೇಲೆ ಇನ್ನೊಂದು, ಹೀಗೆ ಲೆಕ್ಕ. ಬಳೆಯ ಮೇಲೆ ಸಣ್ಣದೊಂದು ಗುಬುಟು ಇದೆ. ಅದು ಹೆಬ್ಬೆರಳಿನ ಕೆಳಗೆ ಎಲ್ಲಿ ಸಿಕ್ಕುತ್ತದೆ ಎಂಬುದರ ಮೇಲೆ ನಾಲ್ಕು ಅಡಿಯೋ ಆರು ಅಡಿಯೋ ಕಣ್ಣು ಮುಚ್ಚಿ ಹೇಳಬಹುದು. ಎರಡನೆಯದನ್ನು ಗುರು ಟೀ ಕುಡಿಯುತ್ತಾ ಕಲಿಸಿದ.

"ಚಿತ್ರ ಮಸುಕಾಗಿ ಬಂತು ಅಂತಿಟ್ಕೋ. ಮೊದಲು ಬಾಯಿ ತೆರೆಯೋನು ನೀನಾಗಿರಬೇಕು. 'ಅಲ್ಲಾಡಿಬಿಟ್ರಿ' ಅನ್ನು. ಕೂತವರಿಗೆ ತಾವು ಅಲ್ಲಾಡಿದ್ವೋ ಇಲ್ವೋ ಎಲ್ಲಿ ಗೊತ್ತಿರುತ್ತೆ? ಎದೆ ಬಡ್ಕೋತಿರೋ ಎಲ್ರೂ ಒಂಚೂರು ಅಲ್ಲಾಡ್ತಾರೆ ಕಣೋ."

ಈ ಮಾತನ್ನು ಅವನು ಮೂವತ್ತು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದನೋ. ಮಕ್ಕಳಿಗೆ ಹೇಳಿದ್ದ, ಮದುಮಗಳಿಗೆ ಹೇಳಿದ್ದ. ಒಬ್ಬ ಪೊಲೀಸಿನವನಿಗೂ ಹೇಳಿದ್ದ. ಆ ಮನುಷ್ಯ ಎದ್ದು ನಿಂತು "ಸಾರಿ ಸರ್" ಅಂದಿದ್ದ. ಹೇಳುವಾಗ ನಾಲಿಗೆ ತಡವರಿಸಿದ್ದೇ ಇಲ್ಲ. ಅಡುಗೆಗೆ ಉಪ್ಪು ಹಾಕಿದ ಹಾಗೆ ಅದೂ ಕಸುಬಿನ ಒಂದು ಭಾಗ ಅಂದುಕೊಂಡಿದ್ದ. ಹೀಗೆ ಕತ್ತಲ ಕೋಣೆಗಳಲ್ಲಿ ಸದ್ದಿಲ್ಲದೆ ಸುಳಿದು ಚಿತ್ರ ತೆಗೆಯುವವನಿಗೆ ರಂಗಮಂದಿರದವರು ಗೂಬಣ್ಣ ಎಂದು ಹೆಸರಿಟ್ಟರು. ಅವನ ಹೆಂಡತಿ ಆ ಲೆನ್ಸಿಗೆ "ನನ್ನ ಸವತಿ" ಎಂದು ಹೆಸರಿಟ್ಟಳು. ಎರಡೂ ಹೆಸರು ಅವನಿಗೆ ಖುಷಿಯೇ.

ರಂಗಮಂದಿರಕ್ಕೆ ಐವತ್ತು ವರ್ಷ ತುಂಬಿದ ವರ್ಷ. ಮ್ಯಾನೇಜರಿಗೆ ಒಂದು ಒಳ್ಳೆಯ ಯೋಚನೆ ಬಂತು. ಒಳ್ಳೆಯ ಯೋಚನೆ ಬರುವುದು ಅವರಿಗೆ ಅಪರೂಪ, ಆದ್ದರಿಂದ ಬಂದಾಗ ಬಿಡುತ್ತಿರಲಿಲ್ಲ.

"ನಟನಟಿಯರ ಫೋಟೊ ಬೇಕಾದಷ್ಟಿದೆ ಗೂಬಣ್ಣ. ಈ ಸಲ ತೆರೆಯ ಹಿಂದಿನವರದ್ದು ಬೇಕು. ಹಗ್ಗ ಎಳೆಯೋನು, ದೀಪದೋನು, ಟಿಕೆಟ್ ಹರಿಯೋನು, ಎಲ್ಲರೂ. ಅವರವರ ಜಾಗದಲ್ಲಿ, ಅವರವರ ಬೆಳಕಲ್ಲಿ. ಬಾಗಿಲ ಹತ್ತಿರದ ದೊಡ್ಡ ಗೋಡೆಗೆ ಹಾಕೋಣ."

"ಅಲ್ಲಿ ಬೆಳಕೆಲ್ಲಿದೆ ಸರ್?"

"ಅದಕ್ಕೇ ನಿನ್ನ ಕರೆದಿದ್ದು."

ಈ ಮಾತಿಗೆ ಅವನ ಎದೆ ಒಂದು ಗೇಣು ಮುಂದೆ ಬಂತು. ಆ ಗೇಣೇ ಮುಂದೆ ಅವನ ಮಾನ ಕಳೆಯಿತು ಅನ್ನುವುದು ಬೇರೆ ಮಾತು.

ಹಗ್ಗದವನದು ಚೆನ್ನಾಗಿ ಬಂತು. ದೀಪದವನದು ಇನ್ನೂ ಚೆನ್ನಾಗಿ ಬಂತು. ಐದನೆಯ ದಿನ ಮಧ್ಯಾಹ್ನ ಸೂಜಿಯಕ್ಕನ ಸರದಿ.

ಸೂಜಿಯಕ್ಕ ಎಂದರೆ ರಂಗಮಂದಿರದ ಉಡುಪು ಹೊಲಿಯುವಾಕೆ. ಅರವತ್ತೆರಡರ ಹೆಂಗಸು, ಮೂವತ್ತೇಳು ವರ್ಷದ ಕೆಲಸ. ರಾಜನಿಂದ ಹಿಡಿದು ಭಿಕ್ಷುಕನ ತನಕ ಆಕೆ ಬಟ್ಟೆ ಕತ್ತರಿಸಿ ಕೊಟ್ಟರೇ ಉಂಟು, ಇಲ್ಲದಿದ್ದರೆ ಎಲ್ಲರೂ ಒಂದೇ. ಕೋಣೆ ಇರುವುದು ರಂಗದ ಕೆಳಗೆ, ಮೆಟ್ಟಿಲಿನ ಅಡಿಯಲ್ಲಿ. ಮೇಲೆ ತಾಲೀಮು ನಡೆದರೆ ಸೂರಿನಿಂದ ಧೂಳು ಉದುರುತ್ತದೆ. ಕಿಟಕಿಯಿಲ್ಲ. ಮೇಜಿನ ಮೇಲೆ ಇಳಿಬಿಟ್ಟ ಒಂದೇ ಬಲ್ಬು, ಅದರ ಕೆಳಗೆ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ಪಕ್ಕದಲ್ಲಿ ಬಟ್ಟೆ ತೊಡಿಸಿ ಅಳತೆ ನೋಡುವ ತಲೆಯಿಲ್ಲದ ಬೊಂಬೆ. ಆಕೆಯ ಕತ್ತರಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಕೈಕೆಳಗೆ ಕೆಲಸ ಮಾಡುವ ಕಿರಿಯ ದರ್ಜಿ ಹೆಂಗಸು ಒಮ್ಮೆ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ಸೂಜಿಯಕ್ಕ ಮೂರು ದಿನ ಮಾತು ಬಿಟ್ಟಿದ್ದಳು.

ಆ ವರ್ಷ ಆಕೆಯ ಬಲಗೈಗೆ ಒಂದು ಸಣ್ಣ ನಡುಕ ಬಂದಿತ್ತು. ಬಂತು ಅಂತ ಆಕೆಯೇ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು. "ಕೈ ಸ್ವಲ್ಪ ಕುಣಿತಿದೆ, ಇಷ್ಟು ವರ್ಷ ನಾಟಕದವರ ಜೊತೆ ಇದ್ನಲ್ಲ" ಅನ್ನುತ್ತಿದ್ದಳು. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಕೆಲಸ ಶುರುವಾದರೆ ನಿಂತುಹೋಗುತ್ತಿತ್ತು. ಮ್ಯಾನೇಜರು ಮಾತ್ರ ದೂರದಿಂದಲೇ ಆ ಕೈಯನ್ನು ನೋಡುತ್ತಿದ್ದರು.

ಗೂಬಣ್ಣ ಬಗ್ಗಿಕೊಂಡು ಒಳಗೆ ಬಂದಾಗ ಆಕೆ ತಲೆ ಬಾಚಿ, ನೀಟಾಗಿ ಸಿದ್ಧಳಾಗಿ ನಿಂತಿದ್ದಳು.

"ಬಾರಪ್ಪ ಗೂಬೆ. ಮೂರು ದಿನದಿಂದ ಅಭ್ಯಾಸ ಮಾಡಿದೀನಿ ನಿಂಗೋಸ್ಕರ."

"ಏನಭ್ಯಾಸ ಅಕ್ಕ?"

"ಸುಮ್ನೆ ನಿಲ್ಲೋದು. ಇಪ್ಪತ್ತು ಎಣಿಸೋ ತನಕ ಕೈ ಅಲ್ಲಾಡದ ಹಾಗೆ ನಿಲ್ತೀನಿ. ಬೇಕಾದ್ರೆ ಎಣಿಸು."

ಅವನು ನಕ್ಕ. ಎಲ್ಲಿ ನಿಲ್ಲಬೇಕೆಂದು ಹೇಳಿದ: ಮುಖ ಇತ್ತ ಕಡೆ, ಬಲಗೈ ಹಿಂದಕ್ಕೆ ಚಾಚಿ ಬೊಂಬೆಯ ಕುತ್ತಿಗೆಪಟ್ಟಿಯ ಮೇಲೆ, ಬೆರಳಲ್ಲಿ ಸೂಜಿ. ಬೆಳಕು ಆಕೆಯ ಕೆನ್ನೆಯ ಮೇಲೆ ಚೆನ್ನಾಗಿ ಬಿದ್ದಿತ್ತು. ಅವನು ಒಂದು ಮಂಡಿಯೂರಿ ಕೂತ. ಕಣ್ಣಿಗೆ ಎಲ್ಲವೂ ಹೊಗೆಯ ಹಿಂದೆ ಇದ್ದಂತೆ. ಇರಲಿ, ಕೈ ಇದೆಯಲ್ಲ. ತೋಳು ಚಾಚಿ ಅಳತೆ ನೋಡಿದ, ಬಳೆ ತಿರುಗಿಸಿದ, ಗುಬುಟು ಹೆಬ್ಬೆರಳ ಕೆಳಗೆ ನಾಲ್ಕು ಅಡಿಗೆ ಬಂದು ನಿಂತಿತು. ಅಷ್ಟರಲ್ಲಿ ಊರಿದ ಮಂಡಿ ಚುರ್ ಎಂದಿತು. ಅವನು ಭಾರವನ್ನು ಮುಂದಿನ ಕಾಲಿಗೆ ಹಾಕಿ ಒಂದಿಷ್ಟು ಮುಂದಕ್ಕೆ ವಾಲಿದ. ವಾಲಿದ್ದು ಅವನಿಗೇ ಗೊತ್ತಾಗಲಿಲ್ಲ. ಗುಂಡಿ ಒತ್ತಿದ.

ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಚಿತ್ರ ಬಂತು. ಕಣ್ಣು ಕಿರಿದು ಮಾಡಿ ನೋಡಿದ, ದೂರ ಹಿಡಿದು ನೋಡಿದ. ಮುಖ ಮಸುಕು ಅನ್ನುವುದಷ್ಟೇ ತಿಳಿಯಿತು. ಯಾಕೆ ಮಸುಕು ಎಂದು ನೋಡಲು ಬೇಕಾದ ಕಣ್ಣು ಅವನಲ್ಲಿರಲಿಲ್ಲ. ನಾಲಿಗೆ ಮಾತ್ರ ಅದರ ಪಾಡಿಗೆ ಅದು ಹೊರಟಿತು.

"ಅಲ್ಲಾಡಿಬಿಟ್ರಿ ಅಕ್ಕ."

ಸೂಜಿಯಕ್ಕನ ಮುಖದಲ್ಲಿದ್ದ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಯಾರೋ ಅಲ್ಲಿ ಬಿಟ್ಟುಹೋದ ಹಾಗೆ.

"ಇಲ್ವಲ್ಲೋ. ನಾನು ಎಣಿಸ್ತಾನೇ ಇದ್ದೆ."

"ನಮಗೆ ಗೊತ್ತಾಗಲ್ಲ ಅಕ್ಕ, ಕ್ಯಾಮೆರಾಕ್ಕೆ ಗೊತ್ತಾಗುತ್ತೆ."

"ಹಂಗಾದ್ರೆ ಇನ್ನೊಂದ್ಸಲ ತೆಗಿ."

ಇನ್ನೊಂದು ಸಲ ತೆಗೆದ. ಮತ್ತೆ ಮಸುಕು. ಮೈ ವಾಲಿದ್ದಲ್ಲೇ ಇತ್ತು. ಮೂರನೆಯ ಸಲ ಆಕೆ ಕೆಳತುಟಿ ಕಚ್ಚಿ ನಿಂತಳು. ಮೂರನೆಯದೂ ಹಾಗೇ.

"ಪರವಾಗಿಲ್ಲ ಬಿಡಿ ಅಕ್ಕ," ಅಂದ ಅವನು ಲೆನ್ಸಿಗೆ ಮುಚ್ಚಳ ಹಾಕುತ್ತಾ. ಒಳ್ಳೆಯ ದನಿಯಲ್ಲೇ ಅಂದ, ಸಮಾಧಾನ ಮಾಡುವವನ ಹಾಗೆ. "ವಯಸ್ಸಾಯ್ತಲ್ಲ, ಕೈ ಎಲ್ಲಿ ಮಾತು ಕೇಳುತ್ತೆ."

ಆಕೆ ಸೂಜಿಯನ್ನು ಬೊಂಬೆಗೆ ಚುಚ್ಚಿದಳು. "ಕ್ಷಮಿಸಪ್ಪ. ನಿನ್ನ ಹೊತ್ತು ಹಾಳು ಮಾಡ್ದೆ," ಅಂದಳು. ಮೂವತ್ತು ವರ್ಷದಲ್ಲಿ ಆಕೆ ಅವನನ್ನು ಬೈದಿದ್ದಳು, ಹಂಗಿಸಿದ್ದಳು, ಹರಿದ ಅಂಗಿಗೆ ತೇಪೆ ಹಾಕಿಕೊಟ್ಟಿದ್ದಳು. ಕ್ಷಮೆ ಕೇಳಿದ್ದು ಅದೇ ಮೊದಲು.

ಅವನ ಅಂಗಡಿಯ ಕಂಪ್ಯೂಟರ್ ಕೆಲಸವೆಲ್ಲ ಮಗಳದು. ಅಂದು ಸಂಜೆ ಅವಳು ಚಿತ್ರಗಳನ್ನು ಪರದೆಗೆ ತಂದಳು. ಅವನು ಹಿಂದೆ ನಿಂತು ಟೀ ಕುಡಿಯುತ್ತಿದ್ದ.

"ಸೂಜಿಯಕ್ಕಂದು ಬಿಟ್ಬಿಡು," ಅಂದ. "ಅಲ್ಲಾಡಿಬಿಟ್ಟಿದಾರೆ."

ಮಗಳು ಬಿಡಲಿಲ್ಲ. ಮೊದಲನೆಯದನ್ನು ತೆರೆದು ಹಿಗ್ಗಿಸಿದಳು. ಮುಖ ಮಸುಕು. ಪರದೆಯನ್ನು ಪಕ್ಕಕ್ಕೆ ಸರಿಸಿದಳು. ಹಿಂದಿನ ಬೊಂಬೆ ಬಂತು, ಬೊಂಬೆಯ ಕುತ್ತಿಗೆಪಟ್ಟಿ ಬಂತು, ಅದರ ಮೇಲಿನ ಕೈ ಬಂತು. ಅವಳ ಕುರ್ಚಿ ಕಿರ್ ಅಂದಿತು.

"ಅಪ್ಪ, ಇಲ್ಲಿ ನೋಡು."

"ಏನು?"

"ಕೈ ನೋಡು. ಬೆರಳಿನ ಗೆರೆ ಕಾಣ್ತಿದೆ. ಉಗುರಿನ ಪಕ್ಕ ಸೂಜಿ ಚುಚ್ಚಿದ ಕಲೆ ಕಾಣ್ತಿದೆ. ಸೂಜಿಯ ತೂತು ಕೂಡ ಕಾಣ್ತಿದೆ ಅಪ್ಪ. ನಡುಗೋ ಕೈ ಹಿಂಗಿರುತ್ತಾ? ಅವರು ಕಲ್ಲಿನ ಹಾಗೆ ನಿಂತಿದಾರೆ." ತಿರುಗಿ ಅವನ ಮುಖ ನೋಡಿದಳು. "ಫೋಕಸ್ ಹಿಂದಕ್ಕೆ ಹೋಗಿದೆ. ಬಳೆ ತಿರುಗಿಸಿದ ಮೇಲೆ ನೀನು ಮುಂದಕ್ಕೆ ಬಾಗಿದೀಯ."

ಅವನು ಲೋಟದಲ್ಲಿ ಟೀ ಮುಗಿದಿದ್ದರೂ ಇನ್ನೊಂದು ಗುಟುಕು ಕುಡಿದ.

ಮಗಳು ಎರಡನೆಯದನ್ನು ತೆರೆದಳು. ಕೈ ಇನ್ನೂ ಚೆನ್ನಾಗಿತ್ತು, ಆದರೆ ಬೆರಳುಗಳು ಬೊಂಬೆಯನ್ನು ಒತ್ತಿ ಹಿಡಿದಿದ್ದವು. ಮೂರನೆಯದನ್ನು ತೆರೆದಳು. ಅದರಲ್ಲಿ ಸೂಜಿ ಒಂದಲ್ಲ, ಎರಡು ಮೂರು ಸೂಜಿಯ ನೆರಳಿನ ಹಾಗೆ ಗೀಚಿಕೊಂಡಿತ್ತು.

"ಇದರಲ್ಲಿ ಮಾತ್ರ ನಡುಗಿದಾರೆ," ಅಂದಳು ಮಗಳು. "ಮೊದಲನೇದು ಆದ್ಮೇಲೆ ಏನಾಯ್ತು? ನೀನೇನಾದ್ರೂ ಅಂದ್ಯಾ?"

"ಏನಿಲ್ಲ. ಏನೋ ಒಂದು ಅಂದೆ."

"ಏನಂದೆ?"

"ಅಂಗಡಿ ಬಾಗಿಲು ಹಾಕೋ ಹೊತ್ತಾಯ್ತು," ಅಂದ.

ನಿಜ ಹೇಳಬೇಕೆಂದರೆ ಮಾರನೆಯ ದಿನವೇ ಹೋಗಿ ಆಕೆಗೆ ಹೇಳಿದ್ದರೆ ಎರಡು ಮಾತಲ್ಲಿ ಮುಗಿಯುತ್ತಿತ್ತು. ಆಕೆ ನಾಲ್ಕು ಬೈಗುಳ ಬೈದು, ಒಂದು ಟೀ ಕುಡಿಸಿ, ಮತ್ತೆ ನಿಲ್ಲುತ್ತಿದ್ದಳು. ಅವನೂ ಹೊರಟಿದ್ದ. ರಂಗಮಂದಿರದ ಬಾಗಿಲ ತನಕ ಹೋಗಿದ್ದ. ಟಿಕೆಟಿನವನು "ಏನು ಗೂಬಣ್ಣ, ಹಗಲಲ್ಲೇ ಹಾರ್ಕೊಂಡು ಬಂದ್ಬಿಟ್ಟೆ" ಅಂದ. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ಒಳಗಿದ್ದ ಮಾತು ಒಳಗೇ ಕೂತಿತು. ಅಕ್ಕನಿಗೆ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಗೂಬೆಗೆ ಕಣ್ಣಿಲ್ಲ ಎಂದು ಗೊತ್ತಾದ ಮೇಲೆ ಗೂಬೆಯನ್ನು ಯಾರು ಕರೆಯುತ್ತಾರೆ? ಬ್ಯಾಟರಿ ಮರೆತೆ ಎಂದು ಹೇಳಿ ವಾಪಸು ಬಂದ. ಹೀಗೆ ಇವತ್ತು ನಾಳೆ ಅನ್ನುತ್ತ ಹದಿನೆಂಟು ದಿನ ಕಳೆದವು.

ಹತ್ತೊಂಬತ್ತನೆಯ ದಿನ ಮ್ಯಾನೇಜರು ಕರೆಸಿದರು.

"ಎಲ್ಲ ಫೋಟೊ ಬಂತು, ಸೂಜಿಯಕ್ಕಂದು ಒಂದು ಬಿಟ್ಟು. ಅವರು ತಮ್ಮದು ಬೇಡ ಅಂತಿದಾರೆ. ಹೊಲಿಗೆ ಮಿಷನ್ನಿಂದು ತೆಗೆದು ಹಾಕಿ ಸಾಕು ಅಂದ್ರು."

"ಯಾಕಂತೆ ಸರ್?"

"ನಿನಗೇ ಗೊತ್ತಲ್ಲ. ಕೈ ನಿಲ್ತಿಲ್ಲವಂತೆ. ಅವರೇ ಬಂದು ಹೇಳಿದ್ರು. ಗೂಬಣ್ಣನ ಕ್ಯಾಮೆರಾದಲ್ಲೂ ಬಿದ್ದಿದೆ, ಇನ್ನು ನನಗೆ ನಾನೇ ಸುಳ್ಳು ಹೇಳ್ಕೊಳ್ಳಲ್ಲ ಅಂತ. ಕತ್ತರಿ ಕೈಕೆಳಗಿನವಳಿಗೆ ಕೊಟ್ಬಿಟ್ಟಿದಾರೆ. ಈಗ ಗುಂಡಿ ವಿಂಗಡಿಸೋದು, ಬಟ್ಟೆ ಮಡಚೋದು. ಒಳ್ಳೇದಾಯ್ತು ಬಿಡು, ನಾನು ಹೇಳೋಕೆ ಸಂಕೋಚ ಪಡ್ತಿದ್ದೆ, ನಿನ್ನಿಂದ ಸುಲಭವಾಯ್ತು."

ಇಲ್ಲಾದರೂ ಹೇಳಬಹುದಿತ್ತು. ಬಾಯಿ ತೆರೆದ. "ಮಿಷನ್ನಿಂದು ಯಾವಾಗ ತೆಗೀಲಿ ಸರ್?" ಎಂದು ಬಾಯಿಂದ ಬಂತು.

ಅವನು ಮೆಟ್ಟಿಲಿಳಿದು ಹೋದಾಗ ಕಿರಿಯ ದರ್ಜಿ ಮೇಜಿನ ಹತ್ತಿರ ನಿಂತು ಕೆಂಪು ಬಟ್ಟೆಯ ಮೇಲೆ ಹೆದರಿ ಹೆದರಿ ಕತ್ತರಿ ಆಡಿಸುತ್ತಿದ್ದಳು. ಸೂಜಿಯಕ್ಕ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಗುಂಡಿಯ ಡಬ್ಬಿ. ಎಡಗೈಯಲ್ಲಿ ಗುಂಡಿ ಹೆಕ್ಕುತ್ತಿದ್ದಳು. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆಯೇ ಕೂತಿದ್ದಳು, ಕಚ್ಚುವ ನಾಯಿಮರಿಯನ್ನು ಅದುಮಿ ಇಟ್ಟುಕೊಂಡ ಹಾಗೆ.

"ಬಾರಪ್ಪ," ಅಂದಳು. ಗೂಬೆ ಅನ್ನಲಿಲ್ಲ. "ಮಿಷನ್ ಒರೆಸಿಟ್ಟಿದೀನಿ. ಅದು ಅಲ್ಲಾಡಲ್ಲ, ನಿಂಗೆ ಕಷ್ಟ ಆಗಲ್ಲ."

ಚುಚ್ಚಿ ಹೇಳಿದ್ದಲ್ಲ ಅದು. ನಿಜವಾಗಿಯೂ ಅವನಿಗೆ ಅನುಕೂಲವಾಗಲಿ ಎಂದೇ ಹೇಳಿದ್ದು. ಅವನ ಕಿವಿ ಬಿಸಿಯಾಯಿತು. ಮಂಡಿಯೂರಿದ, ಅಳೆದ, ಬಳೆ ತಿರುಗಿಸಿದ. ಈ ಸಲ ಮೈಯನ್ನು ಮರದ ಹಾಗೆ ಬಿಗಿಹಿಡಿದು ಯಂತ್ರದ ಚಿತ್ರ ತೆಗೆದ. ಒಳ್ಳೆಯ ಚಿತ್ರ ಬಂತು. ಹೊಲಿಗೆ ಯಂತ್ರದ ಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ.

ಮನೆಗೆ ಬಂದು ಮಧ್ಯಾಹ್ನದ ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ. ಮಗಳು ಯಂತ್ರದ ಚಿತ್ರವನ್ನು ಆಗಲೇ ನೋಡಿದ್ದಳು. ಅಪ್ಪನನ್ನು ಬೈಯಲಿಲ್ಲ. ಹೆಂಡತಿಗೆ ವಿಷಯವೇ ಗೊತ್ತಿರಲಿಲ್ಲ.

"ಏನಾಯ್ತ್ರೀ? ಉಪ್ಪು ಹೆಚ್ಚಾಯ್ತಾ?"

"ನಂಗೆ ಕಣ್ಣು ಕಾಣಲ್ಲ ಕಣೇ," ಅಂದ.

"ಅದು ನಂಗೊತ್ತಲ್ಲ. ಅದಕ್ಕೆ ಯಾಕೆ ಅಳ್ತೀರಿ?"

ಅವನು ಅಳುತ್ತಿರಲಿಲ್ಲ ಎಂದು ಆಮೇಲೆ ವಾದ ಮಾಡಿದ. ಅದೇನೇ ಇರಲಿ, ಎಲ್ಲವನ್ನೂ ಹೇಳಿದ. ಕೇಳಿದ ಮೇಲೆ ಹೆಂಡತಿ ತಟ್ಟೆಯನ್ನು ಅವನ ಮುಂದಿಂದ ಎತ್ತಿದಳು.

"ಮೊದಲು ಹೋಗಿ ಹೇಳಿ ಬನ್ನಿ. ಆಮೇಲೆ ಬಿಸಿ ಮಾಡಿ ಬಡಿಸ್ತೀನಿ."

ಮಗಳು ಒಳಗಿನಿಂದ ಒಂದು ಲಕೋಟೆ ತಂದು ಕೊಟ್ಟಳು. ಮೊದಲನೆಯ ಚಿತ್ರ. ಕ್ಯಾಲೆಂಡರಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದಳು. ಯಾವತ್ತೋ ಹಾಕಿಸಿ ಇಟ್ಟಿದ್ದಳು ಅಂತ ಕಾಣುತ್ತದೆ, ಲಕೋಟೆಯ ಮೂಲೆ ಮಡಚಿತ್ತು.

ಮಧ್ಯಾಹ್ನ ಮೂರಕ್ಕೆ ಅವನು ಮತ್ತೆ ಆ ಮೆಟ್ಟಿಲಿನ ಅಡಿಯಲ್ಲಿ ನಿಂತಿದ್ದ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ. ಸೂಜಿಯಕ್ಕ ತಲೆಯೆತ್ತಿದ ಕೂಡಲೇ ಎಲ್ಲ ಮರೆತುಹೋಯಿತು. ಲಕೋಟೆಯನ್ನು ಆಕೆಯ ತೊಡೆಯ ಮೇಲೆ, ಗುಂಡಿಗಳ ಮೇಲೆಯೇ ಇಟ್ಟ.

ಆಕೆ ಚಿತ್ರ ಹೊರಗೆ ತೆಗೆದಳು. ಮೊದಲು ಮುಖ ನೋಡಿದಳು. "ಅಲ್ಲಾಡಿರೋದನ್ನ ಯಾಕೆ ತಂದೆ?"

"ಕೈ ನೋಡಿ ಅಕ್ಕ."

ಆಕೆ ಕೈ ನೋಡಿದಳು. ಬಲ್ಬಿನ ಕೆಳಗೆ ಹಿಡಿದು ನೋಡಿದಳು. ಕಿರಿಯ ದರ್ಜಿಯೂ ಕತ್ತರಿ ಇಟ್ಟು ಬಂದು ಭುಜದ ಮೇಲಿಂದ ಬಗ್ಗಿದಳು. "ಅಯ್ಯೋ ಅಕ್ಕ, ಸೂಜಿಯ ತೂತು ಕಾಣ್ತಿದೆ!" ಅಂದಳು.

"ನೀವು ಅಲ್ಲಾಡಲಿಲ್ಲ ಅಕ್ಕ," ಅಂದ ಗೂಬಣ್ಣ. "ನಾನು ಅಲ್ಲಾಡಿದ್ದು. ಮಂಡಿ ನೋಯ್ತು, ಮುಂದಕ್ಕೆ ಬಾಗಿದೆ. ನಂಗೆ ಕಾಣಲಿಲ್ಲ. ಕಾಣದೇ ಇದ್ರೂ ನೀವು ಅಲ್ಲಾಡಿದ್ರಿ ಅಂದೆ. ಅವತ್ತು ಸಂಜೇನೇ ಗೊತ್ತಾಗಿತ್ತು."

"ಅವತ್ತು ಸಂಜೇನೇ?"

"ಹೂಂ."

"ಇವತ್ತಿಗೆ ಎಷ್ಟು ದಿನ ಆಯ್ತು?"

ಎಷ್ಟೆಂದು ಆಕೆಗೂ ಗೊತ್ತಿತ್ತು. ಗುಂಡಿಯ ಡಬ್ಬಿಯನ್ನು ನೆಲಕ್ಕಿಟ್ಟು ಎದ್ದಳು. ಬೊಂಬೆಗೆ ಚುಚ್ಚಿದ್ದ ಸೂಜಿಯನ್ನು ಕಿತ್ತು, ಒಂದು ಎಳೆ ದಾರದ ಜೊತೆ ಅವನ ಕೈಗೆ ಕೊಟ್ಟಳು.

"ಪೋಣಿಸು."

"ಅಕ್ಕ..."

"ಪೋಣಿಸೋ."

ಅವನು ಸೂಜಿಯನ್ನು ದೂರ ಹಿಡಿದ, ಹತ್ತಿರ ಹಿಡಿದ, ದಾರದ ತುದಿಯನ್ನು ನಾಲಿಗೆಗೆ ತಾಕಿಸಿದ. ದಾರ ಸೂಜಿಯ ಎಡಕ್ಕೂ ಹೋಯಿತು, ಬಲಕ್ಕೂ ಹೋಯಿತು. ಕಿರಿಯ ದರ್ಜಿ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಹಣೆಯಿಂದ ಬೆವರು ಇಳಿಯಿತು.

"ಯಾವಾಗಿಂದ?" ಕೇಳಿದಳು ಸೂಜಿಯಕ್ಕ.

"ಎರಡು ವರ್ಷ."

"ಎರಡು ವರ್ಷ. ನನ್ನ ಕೈ ಕುಣಿಯೋಕೆ ಶುರುವಾದ ವಾರಾನೇ ನಾನು ಊರಿಗೆಲ್ಲ ಹೇಳ್ದೆ. ನೀನು ನಿನ್ನ ಕಣ್ಣನ್ನ ಬಚ್ಚಿಟ್ಕೊಂಡು, ನನ್ನ ಕೈ ಮೇಲೆ ತಪ್ಪು ಹಾಕ್ದೆ." ಆಕೆಯ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಹದಿನೆಂಟು ದಿನ ಈ ಕೈ ಮೇಲೆ ಕೂತಿದೀನಿ ಕಣೋ. ಮನೇಲಿ ಲೋಟ ಎತ್ತೋಕೂ ಹೆದರಿಕೆ. ನನ್ನ ಕೈಗಿಂತ ನಿನ್ನ ಕ್ಯಾಮೆರಾನ ಜಾಸ್ತಿ ನಂಬ್ದೆ."

ಸೂಜಿ ದಾರವನ್ನು ಅವನ ಕೈಯಿಂದ ತೆಗೆದುಕೊಂಡಳು. ಬಲಗೈ ನಡುಗುತ್ತಲೇ ಇತ್ತು. ಮೊದಲ ಸಲ ತಪ್ಪಿತು. ಉಸಿರು ಹಿಡಿದಳು. ಎರಡನೆಯ ಸಲ ದಾರ ಒಳಗೆ ಹೋಯಿತು.

"ನಡಿ," ಅಂದಳು.

"ಎಲ್ಲಿಗೆ?"

"ಮೇಲಕ್ಕೆ. ತಾಲೀಮು ನಡೀತಿದೆ, ಎಲ್ಲರೂ ಇದಾರೆ. ನಂಗೆ ಹೇಳಿದ್ದನ್ನ ಅವರಿಗೂ ಹೇಳು. ನನ್ನ ಹೆಸರು ಕೆಟ್ಟಿದ್ದು ಅಲ್ಲಿ, ಇಲ್ಲಲ್ಲ."

ಮೂವತ್ತು ವರ್ಷ ಅವನು ಆ ರಂಗವನ್ನು ಕತ್ತಲಿನಿಂದ ನೋಡಿದ್ದ. ಮೇಲೆ ಹತ್ತಿದ್ದು ಅದೇ ಮೊದಲು. ದೀಪದವನು ಯಾರೋ ಹೊಸ ಪಾತ್ರವೆಂದುಕೊಂಡು ಅವನ ಮುಖಕ್ಕೇ ಬೆಳಕು ಬಿಟ್ಟ. ಕಣ್ಣು ಕುಕ್ಕಿತು. ಎದುರಿಗೆ ಯಾರಿದ್ದಾರೆ, ಯಾರಿಲ್ಲ, ಒಂದೂ ಕಾಣಲಿಲ್ಲ. ಮ್ಯಾನೇಜರ ಕೆಮ್ಮು ಕೇಳಿ, ಆ ದಿಕ್ಕಿಗೆ ತಿರುಗಿ ಮಾತಾಡಿದ. ಕನ್ನಡಕದ ವಿಷಯ, ಮಂಡಿಯ ವಿಷಯ, ಆ ಒಂದು ಮಾತಿನ ವಿಷಯ. ಹದಿನೆಂಟು ದಿನ ಸುಮ್ಮನಿದ್ದದ್ದನ್ನು ಬಿಟ್ಟುಬಿಡಬಹುದು ಅಂದುಕೊಂಡಿದ್ದ. ಪಕ್ಕದಲ್ಲಿ ಸೂಜಿಯಕ್ಕ ನಿಂತಿದ್ದಳು, ಅದನ್ನೂ ಹೇಳಿದ. ಯಾರೋ ಒಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಹಗ್ಗದವನು ಮಾತ್ರ ಮೇಲಿಂದ ಕೂಗಿದ, "ಹಂಗಾದ್ರೆ ಆರು ವರ್ಷದ ಕೆಳಗೆ ನಾನೂ ಅಲ್ಲಾಡಿರಲಿಲ್ಲ ಅನ್ನು!"

"ಗೊತ್ತಿಲ್ಲಪ್ಪ," ಅಂದ ಗೂಬಣ್ಣ. "ಅಲ್ಲಾಡಿರಲಿಕ್ಕಿಲ್ಲ."

ಮ್ಯಾನೇಜರು ಕತ್ತರಿಯನ್ನು ಸೂಜಿಯಕ್ಕನಿಗೆ ವಾಪಸು ಕೊಡಿಸಿದರು. ಪೂರ್ತಿಯಾಗಿ ಅಲ್ಲ. ಮುಖ್ಯ ಪಾತ್ರಗಳ ಬಟ್ಟೆ ಆಕೆ ಕತ್ತರಿಸುವುದು, ಉಳಿದದ್ದು ಕಿರಿಯವಳು, ವರ್ಷ ಕಳೆದ ಮೇಲೆ ನೋಡೋಣ ಎಂದರು. ಹೋದ ಹದಿನೆಂಟು ದಿನ ಹೋದ ಹಾಗೇ ಆಯಿತು. ಆ ಕೆಂಪು ಬಟ್ಟೆಯಂತೂ ಹಾಳಾಗಿತ್ತು. ಭುಜ ಒಂದು ಕಡೆ ಗಿಡ್ಡ. ಸೂಜಿಯಕ್ಕ ಅದನ್ನು ಗೂನುಬೆನ್ನಿನ ಮಂತ್ರಿಗೆ ಹೊಂದಿಸಿದಳು.

"ಅಕ್ಕ, ಇನ್ನೊಂದ್ಸಲ ನಿಲ್ತೀರಾ? ಮುಖ ಸರಿಯಾಗಿ ಬರೋ ಹಾಗೆ ತೆಗೀತೀನಿ," ಎಂದು ಅವನು ಕೇಳಿದ. ಆಗ ಅವನ ಮೂಗಿನ ಮೇಲೆ ಕನ್ನಡಕ ಬಂದಿತ್ತು.

"ನಿಲ್ಲಲ್ಲ. ಆ ಮೊದಲನೇದನ್ನೇ ಹಾಕು."

"ಅದರಲ್ಲಿ ನಿಮ್ಮ ಮುಖಾನೇ ಇಲ್ವಲ್ಲ."

"ನನ್ನ ಮುಖ ಎಲ್ಲರಿಗೂ ಗೊತ್ತು. ನೋಡಬೇಕಾಗಿರೋದು ಕೈ. ಆದ್ರೆ ಕೆಳಗೆ ಚೀಟಿ ಬರೀಬೇಕಲ್ಲ, ಎಲ್ಲದಕ್ಕೂ ಬರೆದ ಹಾಗೆ? ಅದನ್ನ ನಾನು ಹೇಳ್ತೀನಿ, ನೀನು ಬರಿ. ನಿನ್ನ ಅಕ್ಷರದಲ್ಲೇ."

ಅವನು ಬರೆದ.

ಈಗ ರಂಗಮಂದಿರಕ್ಕೆ ಹೋದರೆ ಬಾಗಿಲು ದಾಟಿದ ಕೂಡಲೇ ಎಡಗಡೆಗೆ ಆ ಗೋಡೆ ಸಿಕ್ಕುತ್ತದೆ. ಹಗ್ಗದವನು, ದೀಪದವನು, ಟಿಕೆಟಿನವನು, ಎಲ್ಲರ ಮುಖವೂ ಕಡೆದಿಟ್ಟ ಹಾಗೆ ಇದೆ. ನಡುವೆ ಒಂದರಲ್ಲಿ ಮಾತ್ರ ಮುಖ ಮಸುಕು, ಹಿಂದಿನ ಕೈ ಸ್ಪಷ್ಟ. ಜನ ನಿಂತು ನೋಡುತ್ತಾರೆ, ಇದೇನು ಹೀಗಿದೆ ಎಂದು ಬಗ್ಗಿ ಚೀಟಿ ಓದುತ್ತಾರೆ. "ಉಡುಪು ಹೊಲಿಯುವಾಕೆ. ಈಕೆ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಚಿತ್ರ ತೆಗೆದವನು" ಎಂದು ಅದರಲ್ಲಿದೆ.

ಒಳಗೆ ಹೋಗಲು ಬೇರೆ ದಾರಿಯಿಲ್ಲ. ಪ್ರತಿ ನಾಟಕಕ್ಕೂ ಗೂಬಣ್ಣ ಲೆನ್ಸನ್ನು ಎದೆಗವಚಿಕೊಂಡು ಆ ಗೋಡೆಯ ಮುಂದೆಯೇ ಹಾದುಹೋಗಬೇಕು. ಆ ಜಾಗ ಬಂದಾಗ ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಲು ಶುರುಮಾಡುತ್ತಾನೆ. ಗೋಡೆ ದಾಟುವ ತನಕ ಒರೆಸುತ್ತಲೇ ಇರುತ್ತಾನೆ. ಟಿಕೆಟಿನವನು ದಿನಾ ನೋಡುತ್ತಾನೆ. ಆಮೇಲೆ ತಲೆ ತಗ್ಗಿಸಿ ಟಿಕೆಟ್ ಹರಿಯುತ್ತಾನೆ.